ಟೆಂಪೋಗೆ ಕರೆಂಟ್ ಎಷ್ಟಕ್ಕೆ ಬೀಳುತ್ತದೆ? ಲೆಕ್ಕ ನೀವೇ ಮಾಡಿ ನೋಡಿ



ಮಿರಜ ಸ್ಟೇಷನ್ನಿನ ಹೊರಗೆ, ಇಲ್ಲವೇ ಸಾಂಗಲಿ ಮಾರ್ಕೆಟ್ ಯಾರ್ಡಿನ ಗೇಟಿನ ಹತ್ತಿರ ಒಂದು ಹತ್ತು ನಿಮಿಷ ನಿಂತು ನೋಡಿ. ಅರಿಷಿಣದ ಚೀಲ, ಬೆಲ್ಲದ ಪೆಂಟೆ, ಒಣದ್ರಾಕ್ಷಿಯ ಬಾಕ್ಸ್, ಆಸ್ಪತ್ರೆಗೆ ಹೋಗುವ ಆಕ್ಸಿಜನ್ ಸಿಲಿಂಡರ್, ಎಲ್ಲವನ್ನೂ ಹೊತ್ತು ಓಡಾಡುವುದು ಸಣ್ಣ ಟೆಂಪೋಗಳೇ. ಅವುಗಳ ನಡುವೆ ಒಂದೊಂದು ಗಾಡಿ ಸದ್ದಿಲ್ಲದೆ ಬರುತ್ತದೆ, ಹೊಗೆಯೂ ಇಲ್ಲ. ಅದರ ನಂಬರ್ ಪ್ಲೇಟ್ ಗಮನಿಸಿ. ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರ ಇದ್ದರೆ ಅದು ಸ್ವಂತಕ್ಕೆ ಓಡಿಸುವ ವಿದ್ಯುತ್ ವಾಹನ. ಹಸಿರಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ, ವ್ಯಾಪಾರಕ್ಕೆ ಓಡುವ ವಿದ್ಯುತ್ ವಾಹನ. ಇವತ್ತು ನಾನು ಬರೆಯುತ್ತಿರುವುದು ಆ ಹಳದಿ ಅಕ್ಷರದ ಗಾಡಿಯ ಬಗ್ಗೆ.

ಈ ಗಾಡಿಯ ಬಗ್ಗೆ ಜನ ಒಂದು ಮಾತು ಹೇಳುವುದನ್ನು ನೀವೂ ಕೇಳಿರಬಹುದು: "ಡೀಸೆಲ್ ಯಾಕ? ಕರೆಂಟ್ ಗಾಡಿ ಕಿಲೋಮೀಟರಿಗೆ ಒಂದೇ ರೂಪಾಯಿ!" ಹೀಗೆ ಹೇಳುವವರಲ್ಲಿ ಹೆಚ್ಚಿನವರು ಲೆಕ್ಕ ಮಾಡಿ ಹೇಳಿದವರಲ್ಲ. ನನಗೆ ಪರಿಚಯದ ಟೆಂಪೋ ಚಾಲಕರೊಬ್ಬರು ಗಾಡಿ ತಗೊಂಡ ಎರಡನೆಯ ತಿಂಗಳು ಸಿಕ್ಕಾಗ ಬೇರೆಯೇ ಮಾತು ಹೇಳಿದರು: "ಗಾಡಿ ಮಸ್ತ್ ಐತ್ರೀ ಸರ್. ಆದ್ರ ಮನೀ ಲೈಟ್ ಬಿಲ್ ನೋಡಿ ಎದಿ ಝಲ್ ಅಂತು." ಇಬ್ಬರಲ್ಲಿ ಯಾರ ಮಾತು ಸರಿ? ವಿಜ್ಞಾನ ಓದುವವರು ಯಾರ ಮಾತನ್ನೂ ಹಾಗೇ ನಂಬಬಾರದು, ಹಾಗೇ ತಳ್ಳಿಹಾಕಲೂಬಾರದು. ಪೆನ್ಸಿಲ್ಲು ಕಾಗದ ತಗೊಂಡು ಕೂರಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚಾರ್ಜಿಂಗಿಗೆ ಒಂದೇ ಬೆಲೆ ಅಂತ ಇಲ್ಲ. ಯಾರ ಮೀಟರಿನಿಂದ, ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ಚಾರ್ಜ್ ಮಾಡುತ್ತೀರಿ ಎಂಬುದರ ಮೇಲೆ ಅದೇ ಗಾಡಿ, ಅದೇ ದಾರಿ, ಆದರೆ ಖರ್ಚು ಎರಡು ಪಟ್ಟು ಬೇರೆ ಆಗಬಹುದು. ಇವತ್ತಿನ ವ್ಯವಸ್ಥೆಯಲ್ಲಿ ಸ್ವಂತ ಮನೆ, ಸ್ವಂತ ಅಂಗಳ ಇದ್ದವನಿಗೆ ಅದು ಅಗ್ಗ. ಬಾಡಿಗೆ ಮನೆಯ ಟೆಂಪೋ ಚಾಲಕನಿಗೆ ದುಬಾರಿ. ಇದು ಸರಿಹೋಗಬೇಕಾದರೆ ನಮ್ಮ ಊರುಗಳಿಗೆ ಬೇಕಾದದ್ದು ದೊಡ್ಡ ದೊಡ್ಡ ಫಾಸ್ಟ್ ಚಾರ್ಜರ್‌ಗಳಿಗಿಂತ ಮೊದಲು, ಟೆಂಪೋ ಸುಮ್ಮನೆ ನಿಲ್ಲುವ ಜಾಗದಲ್ಲಿ ಸಾದಾ ಸಾಕೆಟ್‌ಗಳು. ಯಾಕೆ ಹೀಗೆ ಹೇಳುತ್ತೇನೆ, ಮುಂದೆ ನೋಡೋಣ.

ಒಂದು ಯುನಿಟ್‌ನಲ್ಲಿ ಎಷ್ಟು ದೂರ?

ಹತ್ತನೆಯ ತರಗತಿಯವರಿಗೆ ಯುನಿಟ್ ಅಂದರೆ ಗೊತ್ತು. 1 ಕಿಲೋವ್ಯಾಟ್ ಸಾಮರ್ಥ್ಯದ ಉಪಕರಣ 1 ಗಂಟೆ ನಡೆದರೆ ಖರ್ಚಾಗುವ ವಿದ್ಯುತ್ತೇ 1 ಕಿಲೋವ್ಯಾಟ್-ಅವರ್, ಅಂದರೆ 1 ಯುನಿಟ್. 1000 ವ್ಯಾಟ್ ಗುಣಿಲೆ 3600 ಸೆಕೆಂಡ್, ಒಟ್ಟು 36 ಲಕ್ಷ ಜೌಲ್.

ಉದಾಹರಣೆಗೆ ಟಾಟಾ ಏಸ್ ಗಾಡಿ ತೆಗೆದುಕೊಳ್ಳೋಣ. 2005ರಲ್ಲಿ ಬಂದ ಡೀಸೆಲ್ ಏಸ್‌ಗೆ ನಮ್ಮ ಕಡೆ 'ಛೋಟಾ ಹಾಥಿ' ಅಂತಲೇ ಹೆಸರು. ಅದರ ವಿದ್ಯುತ್ ರೂಪ 2022ರ ಮೇ ತಿಂಗಳಲ್ಲಿ ಹೊರಬಂತು. ಅದರ ಬ್ಯಾಟರಿ 21.3 ಯುನಿಟ್ ಹಿಡಿಯುತ್ತದೆ. ಒಂದು ಪೂರ್ತಿ ಚಾರ್ಜಿಗೆ 154 ಕಿ.ಮೀ. ಎಂದು ಪರೀಕ್ಷೆಯಲ್ಲಿ ಪ್ರಮಾಣಿಸಿದ್ದಾರೆ. ಆದರೆ ಪರೀಕ್ಷೆಯ ದಾರಿಯೇ ಬೇರೆ, ಮಿರಜ ಮಾರ್ಕೆಟ್ಟಿನ ದಾರಿಯೇ ಬೇರೆ. ಮಾಲು ತುಂಬಿ, ಸಂದಿಗೊಂದಿಯಲ್ಲಿ ನಿಂತು ನಿಂತು ಹೋಗುವ ಗಾಡಿಗೆ ನಾವು 100 ಕಿ.ಮೀ. ಎಂದೇ ಹಿಡಿಯೋಣ. ಲೆಕ್ಕ ಮಾಡುವಾಗ ಸ್ವಲ್ಪ ಕಡಿಮೆ ಹಿಡಿದವನು ಮೋಸಹೋಗುವುದಿಲ್ಲ.

ಹಾಗಾದರೆ 21.3 ಯುನಿಟ್‌ಗೆ 100 ಕಿ.ಮೀ. ಆಯಿತಲ್ಲ? ಇಲ್ಲ. ಇಲ್ಲೇ ಬಹಳ ಜನ ಎಡವುತ್ತಾರೆ. 21.3 ಬ್ಯಾಟರಿಯೊಳಗೆ ಸೇರಿದ್ದು. ಮೀಟರ್ ಓಡಿದ್ದು ಅದಕ್ಕಿಂತ ಹೆಚ್ಚು.

2016ರ ಏಪ್ರಿಲ್ ನೆನಪಿದೆಯೇ? ನೀವಾಗ ಬಹಳ ಸಣ್ಣವರು, ಮನೆಯ ಹಿರಿಯರನ್ನು ಕೇಳಿ. ಲಾತೂರಿನಲ್ಲಿ ಕುಡಿಯಲು ನೀರಿಲ್ಲದಾಗ ನಮ್ಮ ಮಿರಜ ಜಂಕ್ಷನ್ನಿನಿಂದ ನೀರಿನ ರೈಲು ಹೊರಟಿತ್ತು. ಮೊದಲ ರೈಲಿನಲ್ಲಿ 10 ವ್ಯಾಗನ್, ಸುಮಾರು 5 ಲಕ್ಷ ಲೀಟರ್ ನೀರು. ಹೀಗೆ ನೀರು ಸಾಗಿಸುವಾಗ ತುಂಬುವ ಪೈಪಿನಲ್ಲಿ ಒಂದಿಷ್ಟು ಸೋರುತ್ತದೆ, ಇಳಿಸುವಾಗ ಒಂದಿಷ್ಟು ಚೆಲ್ಲುತ್ತದೆ. ಇಲ್ಲಿ ತುಂಬಿದಷ್ಟೇ ಅಲ್ಲಿ ಕೊಡಕ್ಕೆ ಬೀಳುವುದಿಲ್ಲ. ಕರೆಂಟಿನದೂ ಅದೇ ಕತೆ. ಗೋಡೆಯ ಸಾಕೆಟ್ಟಿನಿಂದ ಬರುವುದು ಎಸಿ, ಬ್ಯಾಟರಿಗೆ ಬೇಕಾದದ್ದು ಡಿಸಿ. ಬದಲಾಯಿಸುವ ಚಾರ್ಜರ್ ಬಿಸಿಯಾಗುತ್ತದೆ, ವೈರು ಬಿಸಿಯಾಗುತ್ತದೆ, ಬ್ಯಾಟರಿಯೂ ಬೆಚ್ಚಗಾಗುತ್ತದೆ. ಆ ಬಿಸಿ ಎಲ್ಲಿಂದ ಬಂತು? ನೀವು ದುಡ್ಡು ಕೊಟ್ಟ ಕರೆಂಟಿನಿಂದಲೇ. ಈ ಸೋರಿಕೆ 100ಕ್ಕೆ 15 ಎಂದು ಹಿಡಿಯೋಣ. ಆಗ ಬ್ಯಾಟರಿಗೆ 21.3 ಯುನಿಟ್ ಸೇರಬೇಕಾದರೆ ಮೀಟರ್ 21.3 ಭಾಗಿಲೆ 0.85, ಅಂದರೆ 25 ಯುನಿಟ್ ಓಡುತ್ತದೆ.

25 ಯುನಿಟ್‌ಗೆ 100 ಕಿ.ಮೀ. ಅಂದರೆ 1 ಯುನಿಟ್‌ಗೆ 4 ಕಿ.ಮೀ. ಈ ಸಂಖ್ಯೆಯನ್ನು ಗಟ್ಟಿಯಾಗಿ ನೆನಪಿಡಿ. ಕಿಲೋಮೀಟರಿಗೆ ಒಂದು ರೂಪಾಯಿ ಬೀಳಬೇಕಾದರೆ ಯುನಿಟ್ ದರ 4 ರೂಪಾಯಿ ಇರಬೇಕು. ಇದೆಯೇ? ಲೈಟ್ ಬಿಲ್ ತೆಗೆಯಿರಿ.

ಲೈಟ್ ಬಿಲ್ ಓದೋಣ

ನಮ್ಮ ಮನೆಗಳಿಗೆ ಬರುವ ಬಿಲ್ ಮರಾಠಿಯಲ್ಲಿ ಇರುತ್ತದೆ. ಶಾಲೆಯಲ್ಲಿ ನೀವು ಕನ್ನಡದಲ್ಲಿ ವಿಜ್ಞಾನ ಓದುತ್ತೀರಿ, ಮನೆಯಲ್ಲಿ ಬಿಲ್ ಓದಲು ಯಾರೂ ನಿಮ್ಮನ್ನು ಕರೆಯುವುದಿಲ್ಲ. ಇನ್ನು ಮುಂದೆ ನೀವೇ ಓದಿ ಹೇಳಿ. 'ಸ್ಥಿರ ಆಕಾರ' ಅಂದರೆ ಒಂದು ಯುನಿಟ್ ಸುಡದಿದ್ದರೂ ಪ್ರತಿ ತಿಂಗಳು ಕೊಡಬೇಕಾದ ನಿಗದಿ ಶುಲ್ಕ. 'ವೀಜ ಆಕಾರ' ಅಂದರೆ ಬಳಸಿದ ಯುನಿಟ್‌ಗಳ ಬೆಲೆ. 'ವಹನ ಆಕಾರ' ಅಂದರೆ ಆ ಕರೆಂಟನ್ನು ತಂತಿಯ ಮೇಲೆ ನಿಮ್ಮ ಮನೆವರೆಗೆ ತಂದ ಕೂಲಿ, ಟೆಂಪೋ ಬಾಡಿಗೆ ಇದ್ದ ಹಾಗೆ. 'ವೀಜ ಶುಲ್ಕ' ಸರ್ಕಾರದ ತೆರಿಗೆ. ಮನೆ ಬಳಕೆಗೆ 100ಕ್ಕೆ 16.

ಮನೆ ಬಳಕೆಯ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 2024-25ರಲ್ಲಿ ಮಹಾವಿತರಣದ ದರ, ವೀಜ ಆಕಾರ ಮತ್ತು ವಹನ ಆಕಾರ ಸೇರಿಸಿ, ಹೀಗಿತ್ತು: ಮೊದಲ 100 ಯುನಿಟ್‌ಗೆ ತಲಾ 5.88 ರೂಪಾಯಿ, 101ರಿಂದ 300ರವರೆಗೆ 11.46, 301ರಿಂದ 500ರವರೆಗೆ 15.72; 500 ದಾಟಿದರೆ 17.81. ದರ ಆಗಾಗ ಬದಲಾಗುತ್ತದೆ, ನಿಮ್ಮ ಕೈಯಲ್ಲಿರುವ ಬಿಲ್ಲಿನ ಅಂಕಿಗಳನ್ನೇ ಹಾಕಿಕೊಳ್ಳಿ. ಆದರೆ ಮೆಟ್ಟಿಲಿನ ಆಕಾರ ಮಾತ್ರ ಗಮನಿಸಿ. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ ಇರುವ ಬಡ ಮನೆಗೆ ಕಡಿಮೆ ದರ; ಎಸಿ ಹಾಕಿಕೊಂಡ ಮನೆಗೆ ಹೆಚ್ಚು ದರ. ಇದು ನ್ಯಾಯವೇ. ನನಗೆ ಇದರ ಬಗ್ಗೆ ತಕರಾರಿಲ್ಲ.

ತಕರಾರು ಬರುವುದು ಟೆಂಪೋ ಬಂದಾಗ. ಒಂದು ಮನೆಯಲ್ಲಿ ತಿಂಗಳಿಗೆ 100 ಯುನಿಟ್ ಸುಡುತ್ತದೆ ಅನ್ನೋಣ. ಆ ಮನೆಯವರು ವಿದ್ಯುತ್ ಟೆಂಪೋ ತಂದು, ದಿನಕ್ಕೆ 64 ಕಿ.ಮೀ.ಯಂತೆ 25 ದಿನ ಓಡಿಸಿದರು. ಒಟ್ಟು 1600 ಕಿ.ಮೀ. ನಾಲ್ಕರಿಂದ ಭಾಗಿಸಿದರೆ 400 ಯುನಿಟ್. ಮನೆಯದು ಮೊದಲ 100 ಆಗಿಹೋಯಿತು. ಗಾಡಿಯ 400 ಯುನಿಟ್ ಎರಡನೆಯ, ಮೂರನೆಯ ಮೆಟ್ಟಿಲಿನ ಮೇಲೆ ಹೋಗಿ ಕೂತವು:

200 ಯುನಿಟ್ × 11.46 = 2292 ರೂಪಾಯಿ
200 ಯುನಿಟ್ × 15.72 = 3144 ರೂಪಾಯಿ

ಒಟ್ಟು 5436. ಮೇಲೆ 16 ಪ್ರತಿಶತ ವೀಜ ಶುಲ್ಕ ಸೇರಿಸಿದರೆ ಹೆಚ್ಚುಕಡಿಮೆ 6300 ರೂಪಾಯಿ. 1600ರಿಂದ ಭಾಗಿಸಿ. ಕಿಲೋಮೀಟರಿಗೆ 3 ರೂಪಾಯಿ 94 ಪೈಸೆ! ಒಂದು ರೂಪಾಯಿ ಎಲ್ಲಿ, ನಾಲ್ಕು ರೂಪಾಯಿ ಎಲ್ಲಿ? ಆ ಚಾಲಕರ ಎದೆ ಝಲ್ ಅಂದದ್ದು ಸುಮ್ಮನೆ ಅಲ್ಲ. ಸರ್ಕಾರದ ಕಣ್ಣಿಗೆ ಆ ಮನೆ ಈಗ ಎಸಿ ಹಾಕಿಕೊಂಡ ಶ್ರೀಮಂತ ಮನೆ. ವಾಸ್ತವದಲ್ಲಿ ಅಂಗಳದಲ್ಲಿ ನಿಂತಿರುವುದು ಹೊಟ್ಟೆ ತುಂಬಿಸುವ ಗಾಡಿ.

ನಾಲ್ಕು ದಾರಿ, ನಾಲ್ಕು ಬೆಲೆ

ಈಗ ಹೋಲಿಸೋಣ. ಡೀಸೆಲ್ ಟೆಂಪೋ ಮಾಲು ತುಂಬಿಕೊಂಡು ಲೀಟರಿಗೆ 18 ಕಿ.ಮೀ. ಕೊಡುತ್ತದೆ, ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿಯೋಣ. ಕಿಲೋಮೀಟರಿಗೆ 5 ರೂಪಾಯಿ, ತಿಂಗಳಿಗೆ 8000.

ಮನೆಯ ಮೀಟರಿನಿಂದ ಚಾರ್ಜ್ ಮಾಡಿದರೆ 6300. ಡೀಸೆಲ್‌ಗಿಂತ ಉಳಿತಾಯ 1700.

ಚಾರ್ಜಿಂಗಿಗೆಂದೇ ಬೇರೆ ಮೀಟರ್ ಹಾಕಿಸಿ, ಎಲ್ಲ ಸೇರಿ ಯುನಿಟ್‌ಗೆ 9 ರೂಪಾಯಿ ಬಿತ್ತು ಅನ್ನೋಣ. 400 × 9 = 3600. ಉಳಿತಾಯ 4400. ಕಿಲೋಮೀಟರಿಗೆ ಎರಡೂಕಾಲು ರೂಪಾಯಿ.

ಹೆದ್ದಾರಿ ಬದಿಯ ಫಾಸ್ಟ್ ಚಾರ್ಜರಿನಲ್ಲಿ ಮಾಡಿದರೆ? ಅಲ್ಲಿ ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ಅದರ ಮೇಲೆ 18 ಪ್ರತಿಶತ ಜಿಎಸ್‌ಟಿ ಇದೆ. ಎಲ್ಲ ಸೇರಿ ಯುನಿಟ್‌ಗೆ 22 ರೂಪಾಯಿ ಎಂದು ಹಿಡಿಯೋಣ. ಅಲ್ಲಿ ಎಸಿಯನ್ನು ಡಿಸಿ ಮಾಡುವ ಸೋರಿಕೆ ಯಂತ್ರದ ಕಡೆಯೇ ಹೋಗುತ್ತದೆ. ಆದ್ದರಿಂದ ಗಾಡಿಗೆ ಸೇರಿದ ಒಂದು ಯುನಿಟ್‌ಗೆ 4ರ ಬದಲು ನಾಲ್ಕೂವರೆ ಕಿ.ಮೀ. ಲೆಕ್ಕ ಹಾಕೋಣ, ಅನ್ಯಾಯ ಬೇಡ. ಆದರೂ ತಿಂಗಳಿಗೆ 7800 ರೂಪಾಯಿ ಮೇಲೆಯೇ ಆಗುತ್ತದೆ. ಡೀಸೆಲ್‌ಗೂ ಇದಕ್ಕೂ ಹೆಚ್ಚು ಅಂತರ ಉಳಿಯಲಿಲ್ಲ. ಮೇಲೆ ಅಲ್ಲಿಗೆ ಹೋಗಿ ಬರುವ ದೂರ, ಕಾಯುವ ಹೊತ್ತು ಬೇರೆ.

ಡೀಸೆಲ್ ದರ, ಮೀಟರ್ ದರ ನಾನು ಹಿಡಿದವು. ನಿಮ್ಮ ಊರಿನ ಅಂಕಿ ಹಾಕಿದರೆ ಉತ್ತರ ಹಿಂದೆಮುಂದೆ ಆಗುತ್ತದೆ. ಆದರೆ ಪಾಠ ಬದಲಾಗುವುದಿಲ್ಲ. ಗಾಡಿ ಅದೇ, ಬ್ಯಾಟರಿ ಅದೇ, ದಾರಿ ಅದೇ. ಉಳಿತಾಯ ಮಾತ್ರ 200ರಿಂದ 4400ರವರೆಗೆ. ವಿದ್ಯುತ್ ಗಾಡಿಯ ಬೆಲೆ ಡೀಸೆಲ್ ಗಾಡಿಗಿಂತ ಹೆಚ್ಚು, ಅದರ ಸಾಲದ ಕಂತು ದೊಡ್ಡದು. ಆ ಕಂತು ಕಟ್ಟಬೇಕಾದದ್ದು ಈ ಉಳಿತಾಯದಿಂದಲೇ. 4400 ಉಳಿದವನು ನಡೆದುಕೊಂಡು ಹೋಗುತ್ತಾನೆ. 200 ಉಳಿದವನು ಒಂದು ವರ್ಷದೊಳಗೆ ಗಾಡಿ ಮಾರಲು ನೋಡುತ್ತಾನೆ.

ಕಾನೂನಿನಲ್ಲಿ ದಾರಿ ಇದೆ, ಆದರೆ ಬಾಗಿಲು ಕಿರಿದು

ಈಗ ನೀವು ಕೇಳಬಹುದು: "ಸರ್, ಹಾಗಿದ್ದರೆ ಎಲ್ಲರೂ ಬೇರೆ ಮೀಟರ್ ಹಾಕಿಸಿಕೊಳ್ಳಲಿ, ಮುಗೀತಲ್ಲ?"

ದಾರಿ ಇದೆ. ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ 2018ರಲ್ಲೇ ವಾಹನ ಚಾರ್ಜಿಂಗಿಗೆ ಪ್ರತ್ಯೇಕ ದರವರ್ಗ ಮಾಡಿತು. ಆದರೆ ಮನೆಯ ಮೀಟರಿನಿಂದಲೇ ಸ್ವಂತ ಗಾಡಿ ಚಾರ್ಜ್ ಮಾಡಿದರೆ ಮನೆಯ ದರವೇ ಎಂದೂ ಹೇಳಿತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿ, ಗಾಡಿ ಚಾರ್ಜಿಂಗಿಗೆ ಬೇರೆ ಸಂಪರ್ಕ ಕೇಳುವ ಹಕ್ಕು ಗ್ರಾಹಕನಿಗೆ ಇದೆ ಎಂದು ಬರೆಯಿತು. ಅದೇ ನಿಯಮಗಳ ಪ್ರಕಾರ ಹೊಸ ಸಂಪರ್ಕವನ್ನು ನಗರಸಭೆ, ಪಾಲಿಕೆಯಂಥ ಊರುಗಳಲ್ಲಿ 7 ದಿನದೊಳಗೆ, ಹಳ್ಳಿಗಳಲ್ಲಿ 15 ದಿನದೊಳಗೆ ಕೊಡಬೇಕು. ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಯಾರಾದರೂ ಇಂಥ ಗಾಡಿ ತರುವವರಿದ್ದರೆ ಇಷ್ಟನ್ನು ಅವರಿಗೆ ಹೇಳಿ. ಈ ಒಂದು ಮಾತಿನಿಂದ ತಿಂಗಳಿಗೆ ಎರಡು ಸಾವಿರಕ್ಕಿಂತ ಹೆಚ್ಚು ಉಳಿಯಬಹುದು.

ಆದರೆ ಬಾಡಿಗೆ ಮನೆಯಲ್ಲಿ ಇರುವವನು? ಮೀಟರಿಗೆ ಅರ್ಜಿ ಹಾಕಬೇಕಾದರೆ ಮನೆ ಮಾಲೀಕರು ಒಪ್ಪಬೇಕು. ಗಾಡಿ ಓಣಿಯ ತುದಿಯಲ್ಲಿ ನಿಲ್ಲುತ್ತದೆ. ಮೂರನೆಯ ಮನೆಯಿಂದ ವೈರು ಎಳೆಯಬೇಕು. ಇಲ್ಲಿ ಇನ್ನೊಂದು ವಿಜ್ಞಾನದ ಮಾತು ಹೇಳಲೇಬೇಕು. ಸಾದಾ ಚಾರ್ಜರ್ 3.3 ಕಿಲೋವ್ಯಾಟ್ ಎಳೆಯುತ್ತದೆ ಅಂದರೆ 3300 ಭಾಗಿಲೆ 230, ಹೆಚ್ಚುಕಡಿಮೆ 14 ಆಂಪಿಯರ್ ಕರೆಂಟ್. ಅದೂ ಐದು ನಿಮಿಷ ಅಲ್ಲ, ಖಾಲಿ ಬ್ಯಾಟರಿ ತುಂಬಲು ಏಳೂವರೆ ತಾಸು. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಜೌಲ್‌ನ ನಿಯಮ ಓದಿದ್ದೀರಿ. 5 ಆಂಪಿಯರ್‌ಗೆ ಹುಟ್ಟುವ ಶಾಖಕ್ಕಿಂತ 14 ಆಂಪಿಯರ್‌ಗೆ ಅದೇ ವೈರಿನಲ್ಲಿ ಸುಮಾರು 8 ಪಟ್ಟು ಶಾಖ. ಟೇಬಲ್ ಫ್ಯಾನಿನ ಎಕ್ಸ್‌ಟೆನ್ಷನ್ ವೈರಿನಿಂದ ಟೆಂಪೋ ಚಾರ್ಜ್ ಮಾಡುವುದು ಬೆಂಕಿಯನ್ನು ಮನೆಗೆ ಕರೆದ ಹಾಗೆ. ದಪ್ಪ ವೈರು, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, ಇವಿಲ್ಲದೆ ಯಾರೂ ಕೈ ಹಾಕಬಾರದು. ಇವಕ್ಕೂ ದುಡ್ಡು ಬೇಕು. ಅದನ್ನೂ ಚಾರ್ಜಿಂಗ್ ಖರ್ಚಿನಲ್ಲೇ ಬರೆಯಬೇಕು.

ಅಂದರೆ ಅಗ್ಗದ ಕರೆಂಟ್ ಸಿಗಬೇಕಾದರೆ ಅಂಗಳ ಬೇಕು, ಸ್ವಂತ ಗೋಡೆ ಬೇಕು. ಅವು ಇಲ್ಲದವನು ಫಾಸ್ಟ್ ಚಾರ್ಜರ್ ಹುಡುಕಿಕೊಂಡು ಹೋಗಬೇಕು. ಹೆಚ್ಚು ದುಡಿಯುವವನಿಗೆ ಹೆಚ್ಚು ಬೆಲೆ. ಇದು ನನಗೆ ಸರಿ ಕಾಣುವುದಿಲ್ಲ.

ಯಾವ ಹೊತ್ತಿನ ಕರೆಂಟ್?

ಇನ್ನು ಹೊತ್ತಿನ ಮಾತು. ಬಹಳ ಜನ "ವಿದ್ಯುತ್ ಗಾಡಿ ಅಂದ್ರ ಮಾಲಿನ್ಯ ಝೀರೋ" ಅನ್ನುತ್ತಾರೆ. ಇದನ್ನೂ ಲೆಕ್ಕಕ್ಕೆ ಹಾಕೋಣ.

ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. 18 ಕಿ.ಮೀ.ಗೆ ಭಾಗಿಸಿದರೆ ಕಿಲೋಮೀಟರಿಗೆ 150 ಗ್ರಾಂ. ನಮ್ಮ ದೇಶದಲ್ಲಿ ಇನ್ನೂ ಹೆಚ್ಚಿನ ವಿದ್ಯುತ್ ಕಲ್ಲಿದ್ದಲಿನಿಂದ ಬರುವುದರಿಂದ ಸರಾಸರಿ ಒಂದು ಯುನಿಟ್‌ಗೆ ಸುಮಾರು 0.7 ಕಿಲೋಗ್ರಾಂ ಡೈಆಕ್ಸೈಡ್ ಬೀಳುತ್ತದೆ. ಒಂದು ಯುನಿಟ್‌ಗೆ 4 ಕಿ.ಮೀ., ಅಂದರೆ ಕಿಲೋಮೀಟರಿಗೆ 175 ಗ್ರಾಂ! ಡೀಸೆಲ್ಲನ್ನು ಬಾವಿಯಿಂದ ತೆಗೆದು, ಶುದ್ಧ ಮಾಡಿ, ಟ್ಯಾಂಕರಿನಲ್ಲಿ ತರುವ ಹೊಗೆಯನ್ನೂ ಸೇರಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಬೇಜಾರಾಗಬೇಡಿ. ಎರಡು ಲಾಭ ಆಗಲೇ ಇವೆ. ಆಸ್ಪತ್ರೆಗಳ ಊರಾದ ಮಿರಜದ ಓಣಿಯಲ್ಲಿ, ರೋಗಿಯ ಕಿಟಕಿಯ ಕೆಳಗೆ ಹೊಗೆ ಬರುವುದಿಲ್ಲ, ಗದ್ದಲವೂ ಇಲ್ಲ. ಎರಡನೆಯದು, ವಿದ್ಯುತ್ ಮೋಟಾರು ಕೊಟ್ಟ ಶಕ್ತಿಯನ್ನು ಬಹಳ ಕಡಿಮೆ ಹಾಳುಮಾಡುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯುನಿಟ್‌ನಷ್ಟು ಶಕ್ತಿ ಇದೆ. ಅದರಿಂದ ಡೀಸೆಲ್ ಗಾಡಿ 18 ಕಿ.ಮೀ. ಹೋಗುತ್ತದೆ. ಅಷ್ಟೇ ದೂರ ವಿದ್ಯುತ್ ಗಾಡಿ ನಾಲ್ಕೂವರೆ ಯುನಿಟ್‌ನಲ್ಲಿ ಹೋಗುತ್ತದೆ. ಉಳಿದದ್ದು ಡೀಸೆಲ್ ಎಂಜಿನ್ನಿನಲ್ಲಿ ಬಿಸಿಯಾಗಿ ಗಾಳಿಗೆ ಹೋಯಿತು.

ಮೂರನೆಯ ಲಾಭ ನಮ್ಮ ಕೈಯಲ್ಲಿದೆ. ಮಧ್ಯಾಹ್ನದ ಕರೆಂಟಿನಲ್ಲಿ ಸೂರ್ಯನ ಪಾಲು ದೊಡ್ಡದು, ರಾತ್ರಿಯದರಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು. ಅದಕ್ಕೇ ಸರ್ಕಾರ ಹಗಲಿನ ಕರೆಂಟನ್ನು ಅಗ್ಗ ಮಾಡಲು ಹೊರಟಿದೆ. 2023ರ ಕೇಂದ್ರ ನಿಯಮದ ಪ್ರಕಾರ ಸ್ಮಾರ್ಟ್ ಮೀಟರ್ ಇರುವವರಿಗೆ ಸೌರ ಅವಧಿಯ ದರ ಸಾದಾ ದರಕ್ಕಿಂತ ಕನಿಷ್ಠ 20 ಪ್ರತಿಶತ ಕಡಿಮೆ ಇರಬೇಕು. 2024ರ ಸೆಪ್ಟೆಂಬರಿನ ಕೇಂದ್ರ ಮಾರ್ಗಸೂಚಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ ಇನ್ನೂ ಮುಂದೆ ಹೋಯಿತು: ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ವಿದ್ಯುತ್ ಪೂರೈಕೆಯ ಸರಾಸರಿ ವೆಚ್ಚದ 0.7 ಪಟ್ಟು ದರ, ಉಳಿದ ಹೊತ್ತಿಗೆ 1.3 ಪಟ್ಟು. ಹಗಲಿಗೆ ಹೋಲಿಸಿದರೆ ರಾತ್ರಿಯದು ಹತ್ತಿರ ಹತ್ತಿರ ಎರಡು ಪಟ್ಟು.

ಆದರೆ ಇಲ್ಲೊಂದು ಗೋಜಲು ಇದೆ. ಟೆಂಪೋ ಹಗಲು ದುಡಿಯುತ್ತದೆ, ರಾತ್ರಿ ಮಲಗುತ್ತದೆ. ಸೂರ್ಯನೂ ಹಗಲೇ ದುಡಿಯುತ್ತಾನೆ. ಇಬ್ಬರೂ ಭೇಟಿಯಾಗುವುದು ಎಲ್ಲಿ?

ನನ್ನ ಸಲಹೆ

ಮಾರ್ಕೆಟ್ಟಿನಲ್ಲಿ. ಟೆಂಪೋ ಇಡೀ ದಿನ ಓಡುವುದಿಲ್ಲ. ಹರಾಜು ಮುಗಿಯುವವರೆಗೆ ಕಾಯುತ್ತದೆ, ಹಮಾಲರು ಮಾಲು ತುಂಬುವವರೆಗೆ ಕಾಯುತ್ತದೆ, ಚಾಲಕ ಬುತ್ತಿ ಬಿಚ್ಚಿ ರೊಟ್ಟಿ ಉಣ್ಣುವಾಗ ನೆರಳಿನಲ್ಲಿ ನಿಲ್ಲುತ್ತದೆ. ದಿನಕ್ಕೆ ಎರಡು ತಾಸು ನಿಂತರೂ ಸಾಕು. ಎರಡು ತಾಸಿಗೆ 3.3 ಕಿಲೋವ್ಯಾಟ್‌ನಂತೆ 6.6 ಯುನಿಟ್, ಅಂದರೆ 26 ಕಿ.ಮೀ. ನಮ್ಮ ಲೆಕ್ಕದ ಗಾಡಿಯ ದಿನದ ಓಟ 64 ಕಿ.ಮೀ. ಸುಮ್ಮನೆ ನಿಂತ ಹೊತ್ತಿನಲ್ಲೇ ಐದರಲ್ಲಿ ಎರಡು ಪಾಲು ತುಂಬಿಹೋಯಿತು, ಅದೂ ಹಗಲಿನ ದರದಲ್ಲಿ. ಮನೆಯ ಮೀಟರಿನ ಮೇಲಿನ ಭಾರವೂ ಅಷ್ಟು ಇಳಿಯಿತು, ಮೆಟ್ಟಿಲೂ ಇಳಿಯಿತು.

ಇದಕ್ಕೆ ಲಕ್ಷಾಂತರ ರೂಪಾಯಿಯ ಫಾಸ್ಟ್ ಚಾರ್ಜರ್ ಬೇಡ. ಸರ್ಕಾರ ಬಹಳ ಹಿಂದೆಯೇ ಒಪ್ಪಿದ 'ಭಾರತ್ ಎಸಿ-001' ಎಂಬ ಸಾದಾ ಚಾರ್ಜರ್ ಇದೆ. ಮೂರು ಸಾಕೆಟ್, ಒಂದೊಂದಕ್ಕೂ 3.3 ಕಿಲೋವ್ಯಾಟ್. ಮಾರ್ಕೆಟ್ ಯಾರ್ಡಿನಲ್ಲಿ, ಮಿರಜ ಸ್ಟೇಷನ್ನಿನ ಟೆಂಪೋ ಸ್ಟ್ಯಾಂಡಿನಲ್ಲಿ, ಕುಪವಾಡ ಎಂಐಡಿಸಿಯಲ್ಲಿ ಇಂಥವು ಸಾಲಾಗಿ ಬರಲಿ. ಮೇಲೆ ತಗಡಿನ ಶೆಡ್ ಇದ್ದೇ ಇರುತ್ತದೆ. ಅದರ ಮೇಲೆ ಸೌರ ಫಲಕ ಕೂರಿಸಲಿ. ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ಸರ್ಕಾರ 2018ರ ಏಪ್ರಿಲಿನಲ್ಲೇ ಸ್ಪಷ್ಟಪಡಿಸಿದೆ. ಹಾಗಾಗಿ ಬಾಜಾರ ಸಮಿತಿ ಮಾಡಬಹುದು, ಪಾಲಿಕೆ ಮಾಡಬಹುದು, ಟೆಂಪೋ ಚಾಲಕರೇ ಕೂಡಿ ಸೊಸೈಟಿ ಮಾಡಿಕೊಂಡೂ ನಡೆಸಬಹುದು. ಸಹಕಾರಿ ಸಂಘ ಕಟ್ಟುವುದನ್ನು ಸಾಂಗಲಿ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಷರತ್ತು ಮಾತ್ರ: ಸಾಕೆಟ್ ಎತ್ತರದಲ್ಲಿ ಇರಲಿ. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿದ್ದಳು. ಅಪಾಯದ ಮಟ್ಟ 45 ಅಡಿ. 2021ರಲ್ಲಿ ಮತ್ತೆ ಬಂದಳು. ನೀರು ಬಂದ ಗುರುತು ಗೋಡೆಗಳ ಮೇಲೆ ಇನ್ನೂ ಇದೆ. ಹೊಸ ವ್ಯವಸ್ಥೆ ಮಾಡುವವರು ಮೊದಲು ಆ ಗುರುತು ನೋಡಲಿ.

ಇದಕ್ಕೆ ವಿರುದ್ಧವಾದ ಮಾತೂ ಇದೆ. "ಬಾಡಿಗೆ ಬಂದಾಗ ಎರಡು ತಾಸು ಯಾರು ಕಾಯ್ತಾರ? ಫಾಸ್ಟ್ ಚಾರ್ಜರೇ ಬೇಕು" ಎಂದು ಕೆಲವರು ಹೇಳುತ್ತಾರೆ. ಅದರಲ್ಲೂ ಹುರುಳಿದೆ. ಸಾಂಗಲಿಯಿಂದ ಜತ್ತದ ಕಡೆಗೋ ವಿಜಯಪುರದ ಕಡೆಗೋ ದೂರದ ಬಾಡಿಗೆ ಸಿಕ್ಕರೆ ದಾರಿಯಲ್ಲಿ ಫಾಸ್ಟ್ ಚಾರ್ಜರ್ ಇರಲೇಬೇಕು. ಆದರೆ ಅದು ಜಾತ್ರೆಯ ದಿನದ ಹೋಳಿಗೆ ಇದ್ದ ಹಾಗೆ, ದಿನದ ಊಟ ಆಗಬಾರದು. ದಿನದ ಊಟ ಅಂದರೆ ಜೋಳದ ರೊಟ್ಟಿ: ಸಾದಾ, ಅಗ್ಗ, ಹೊಟ್ಟೆ ತುಂಬುವಂಥದ್ದು. ಸಾದಾ ಸಾಕೆಟ್ ಅದೇ.

ನಿಮಗೆ ಒಂದು ಕೆಲಸ

ನನ್ನ ಮಾತನ್ನೂ ಹಾಗೇ ನಂಬಬೇಡಿ. ನಾಲ್ಕೈದು ಜನ ಸೇರಿ ಒಂದು ಗುಂಪು ಮಾಡಿಕೊಳ್ಳಿ. ಮೊದಲು ಮನೆಯ ಬಿಲ್ಲಿನಿಂದ ನಿಮ್ಮ ಮೆಟ್ಟಿಲು ಯಾವುದು ಎಂದು ಹುಡುಕಿ ಬರೆಯಿರಿ. ಆಮೇಲೆ ಹಸಿರು ಪ್ಲೇಟಿನ ಟೆಂಪೋ ಓಡಿಸುವ ಯಾರಾದರೂ ಕಾಕಾ ಅಥವಾ ಮಾಮಾ ಪರಿಚಯ ಇದ್ದರೆ, ಅವರ ಒಪ್ಪಿಗೆ ಪಡೆದು ಒಂದು ವಾರ ನಾಲ್ಕು ಅಂಕಿ ಬರೆದಿಡಿ: ಚಾರ್ಜಿಗೆ ಹಾಕುವ ಮುಂಚೆ ಮೀಟರ್ ಎಷ್ಟಿತ್ತು, ತೆಗೆದ ಮೇಲೆ ಎಷ್ಟಾಯಿತು, ಆ ದಿನ ಗಾಡಿ ಎಷ್ಟು ಕಿ.ಮೀ. ಓಡಿತು, ಮಾರ್ಕೆಟ್ಟಿನಲ್ಲಿ ಎಷ್ಟು ಹೊತ್ತು ಸುಮ್ಮನೆ ನಿಂತಿತ್ತು. ಮೀಟರಿಗೆ ಮನೆಯ ಫ್ಯಾನು, ಟಿವಿಯೂ ಸೇರಿರುತ್ತವೆ. ಅವನ್ನು ಹೇಗೆ ಕಳೆಯಬೇಕು ಎಂದು ಯೋಚಿಸುವುದೂ ವಿಜ್ಞಾನವೇ. ವೈರು, ಸಾಕೆಟ್ ಮಾತ್ರ ಮುಟ್ಟಬೇಡಿ. ನೋಡಿ ಬರೆಯುವುದಷ್ಟೇ ನಿಮ್ಮ ಕೆಲಸ.

ವಾರ ಮುಗಿದ ಮೇಲೆ ಯುನಿಟ್‌ಗೆ ಎಷ್ಟು ಕಿ.ಮೀ., ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ತೆಗೆಯಿರಿ. ನನ್ನ 4 ಕಿ.ಮೀ. ತಪ್ಪು ಎಂದು ನಿಮ್ಮ ವಹಿ ಹೇಳಿದರೆ ನಿಮ್ಮ ವಹಿಯೇ ಸರಿ. ಈ ಪತ್ರಿಕೆಗೆ ಬರೆದು ಕಳಿಸಿ. ಒಂದು ಪ್ರತಿಯನ್ನು ಆ ಚಾಲಕರ ಕೈಗೂ ಕೊಡಿ. ಗಾಡಿಯ ಸಾಲ ತೀರಿಸಬೇಕಾದವರು ಅವರು. ಬೇರೆ ಮೀಟರ್ ಹಾಕಿಸಬೇಕೋ ಬೇಡವೋ, ಬಾಜಾರ ಸಮಿತಿಯ ಮುಂದೆ ಹೋಗಿ ಸಾಕೆಟ್ ಕೇಳಬೇಕೋ ಬೇಡವೋ ಎಂದು ತೀರ್ಮಾನಿಸಲು ಅವರಿಗೆ ಬೇಕಾಗಿರುವುದು ಆ ಒಂದು ಪುಟದ ಲೆಕ್ಕ. ಅದನ್ನು ಮಾಡುವಷ್ಟು ಗಣಿತ ನಿಮಗೆ ಆಗಲೇ ಬರುತ್ತದೆ.